ಕಾಲು ಮಿಲಿಲೀಟರಿನಿಂದ ಕೋಟಿ ಲೀಟರಿಗೆ

ಹದಿಮೂರು ಸೆಂಟಿಮೀಟರ್ ಉದ್ದದ, ಎರಡು ಮಿಲಿಮೀಟರಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಕಡ್ಡಿ. ಅದರೊಳಗಿನ ದ್ರವ ಕಾಲು ಮಿಲಿಲೀಟರ್. ಇಂಥ ಇಪ್ಪತ್ತು ಕಡ್ಡಿ ಕತ್ತರಿಸಿ ಸುರಿದರೆ ಒಂದು ಟೀ ಚಮಚ ತುಂಬುತ್ತದೆ, ಅಷ್ಟೇ. ಆದರೆ ಆ ಕಾಲು ಮಿಲಿಲೀಟರಿನಲ್ಲಿ ಹೋರಿಯ 2 ಕೋಟಿ ವೀರ್ಯಾಣುಗಳಿರುತ್ತವೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.1 ಕೋಟಿ. ಮೂರು ಕಡ್ಡಿಗಳೊಳಗೆ ಅಷ್ಟು ಜೀವಕಣಗಳು ಮಲಗಿರುತ್ತವೆ. ಅವುಗಳಲ್ಲಿ ಒಂದು, ಒಂದೇ ಒಂದು, ಗುರಿ ಮುಟ್ಟಿದರೆ ಸಾಕು: ಒಂದು ಕರು, ಮುಂದೆ ಒಂದು ಹಸು, ಮುಂದೆ ಒಂದು ಮನೆಗೆ ದಿನಕ್ಕೆರಡು ಹೊತ್ತು ಹಾಲು.

ಬೆಂಗಳೂರಿನಿಂದ ಹೊರಟು ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟ ಮುಖ್ಯರಸ್ತೆ. ನಮ್ಮ ಬಾಗಲಗುಂಟೆ ಇರುವುದು ಆ ರಸ್ತೆಯ ಮೇಲೆ. ಮುಂದೆ ಚಿಕ್ಕಬಾಣಾವರ, ಸೋಲದೇವನಹಳ್ಳಿ, ಆಮೇಲೆ ಹೆಸರಘಟ್ಟ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ ಆ ಕೆರೆಯಿಂದ ಎಂಬುದು ಊರಿಗೆಲ್ಲ ಗೊತ್ತು. ಆ ಕೆರೆಯ ಸುತ್ತಿನ ಹುಲ್ಲುಗಾವಲಿನಲ್ಲಿ ಬೀಜದ ಹೋರಿಗಳನ್ನು ಸಾಕುತ್ತಾರೆ, ಅವುಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ದೇಶಕ್ಕೆಲ್ಲ ಕಳಿಸುತ್ತಾರೆ ಎಂಬುದು ದಿನವೂ ಅದೇ ರಸ್ತೆಯಲ್ಲಿ ಬಸ್ಸು ಹಿಡಿಯುವ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಅಲ್ಲಿ ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಶುರುವಾಯಿತು. ಕರ್ನಾಟಕ ಹಾಲು ಮಹಾಮಂಡಳಿಯ ನಂದಿನಿ ವೀರ್ಯ ಕೇಂದ್ರವೂ ಅಲ್ಲೇ ಇದೆ. ಬೆಳಿಗ್ಗೆ ಐದಕ್ಕೆ ಬಾಗಲಗುಂಟೆಯ ಅಂಗಡಿಗಳ ಮುಂದೆ ನೀಲಿ ಪ್ಯಾಕೆಟ್ಟಿನ ಕ್ರೇಟುಗಳು ಇಳಿಯುತ್ತವಲ್ಲ, ಆ ಹಾಲಿನ ಮೂಲ ಹುಡುಕುತ್ತ ಹೊರಟರೆ ಹಸುವಿನ ಕೆಚ್ಚಲಿಗೂ ಹಿಂದೆ ಒಂದು ಕಡ್ಡಿ ಸಿಗುತ್ತದೆ.

ಆ ಕಡ್ಡಿ ಇರುವ ಚಳಿಯನ್ನು ಊಹಿಸುವುದು ಕಷ್ಟ. ದ್ರವ ಸಾರಜನಕದ ಉಷ್ಣತೆ ಸೊನ್ನೆಗಿಂತ ಕೆಳಗೆ 196 ಡಿಗ್ರಿ ಸೆಲ್ಸಿಯಸ್. ಭೂಮಿಯ ಮೇಲೆ ಅಳೆದ ಅತಿ ಚಳಿ 1983ರಲ್ಲಿ ಅಂಟಾರ್ಕ್ಟಿಕಾದ ವೋಸ್ಟಾಕ್‌ನಲ್ಲಿ ದಾಖಲಾದ ಮೈನಸ್ 89.2. ಶನಿಗ್ರಹವನ್ನು ಸುತ್ತುವ ಟೈಟಾನ್‌ನ ನೆಲ ಸುಮಾರು ಮೈನಸ್ 179. ಅದಕ್ಕಿಂತಲೂ ಚಳಿಯಾದ ಒಂದು ಪುಟ್ಟ ಜಾಗ ಮೂರು ಲೀಟರಿನ ಕ್ಯಾನಿನೊಳಗೆ ಕೂತು, ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದುಕೊಂಡು, ನೆಲಮಂಗಲದಾಚೆಯ ಹಳ್ಳಿಗಳ ಮಣ್ಣುದಾರಿಯಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಹೋಗುತ್ತಿರುತ್ತದೆ. ಬೈಕು ಓಡಿಸುವವರು ಹಾಲಿನ ಡೈರಿಯ ಎಐ (ಕೃತಕ ಗರ್ಭಧಾರಣೆ) ಕಾರ್ಯಕರ್ತರು. ಕೊಟ್ಟಿಗೆ ತಲುಪಿದ ಮೇಲೆ ಕಡ್ಡಿಯನ್ನು ಚಿಮುಟದಲ್ಲಿ ಎತ್ತಿ 37 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಡುತ್ತಾರೆ. ಆ ಅರ್ಧ ನಿಮಿಷದಲ್ಲಿ ಅದು 233 ಡಿಗ್ರಿ ಮೇಲೇರುತ್ತದೆ. ವರ್ಷಗಟ್ಟಲೆ ನಿಶ್ಚಲವಾಗಿದ್ದ ಕಣಗಳು ಬಾಲ ಬಡಿದು ಈಜಲು ತೊಡಗುತ್ತವೆ. ಕರಗಿಸಿದ ಮೇಲೆ ಕನಿಷ್ಠ ಅರ್ಧದಷ್ಟಾದರೂ ಚಲಿಸಬೇಕು, ಇಲ್ಲವಾದರೆ ಆ ಬ್ಯಾಚನ್ನೇ ವೀರ್ಯ ಕೇಂದ್ರ ಹೊರಗೆ ಬಿಡಬಾರದು ಎಂಬುದು ನಿಯಮ.

ವರ್ಷಗಟ್ಟಲೆ ಎಂದರೆ ಎಷ್ಟು ವರ್ಷ? 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಹೆಪ್ಪುಗಟ್ಟಿಸಿಟ್ಟ ಟಗರಿನ ವೀರ್ಯವನ್ನು ಐವತ್ತು ವರ್ಷಗಳ ಬಳಿಕ ಸಿಡ್ನಿ ವಿಶ್ವವಿದ್ಯಾಲಯದವರು ಬಳಸಿದರು. 56 ಕುರಿಗಳಲ್ಲಿ 34 ಗಬ್ಬವಾದವು.

ಇನ್ನು ಹೋರಿಯ ಲೆಕ್ಕ. ಒಮ್ಮೆ ಸಂಗ್ರಹಿಸಿದಾಗ ಸಿಗುವುದು ಸುಮಾರು 5 ಮಿಲಿಲೀಟರ್, ಪ್ರತಿ ಮಿಲಿಲೀಟರಿನಲ್ಲಿ ಹೆಚ್ಚುಕಡಿಮೆ 100 ಕೋಟಿ ಕಣಗಳು. ಐದುನೂರು ಕೋಟಿಯನ್ನು ಎರಡೆರಡು ಕೋಟಿಯಂತೆ ಹಂಚಿದರೆ 250 ಕಡ್ಡಿ. ವಾರಕ್ಕೆ ಎರಡು ಸಲದಂತೆ ವರ್ಷವಿಡೀ ನಡೆದು, ಕೆಲವು ಬ್ಯಾಚು ತಿರಸ್ಕೃತವಾದರೂ ವರ್ಷಕ್ಕೆ 20 ಸಾವಿರ ಕಡ್ಡಿಗೆ ಮೋಸವಿಲ್ಲ. ಮೂರರಲ್ಲಿ ಒಂದು ಗಬ್ಬ ನಿಂತರೂ ಒಂದು ಹೋರಿಗೆ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಕರುಗಳು. ಊರ ಹೋರಿ ತನ್ನ ಆಯುಸ್ಸಿನಲ್ಲೆಲ್ಲ ಇದರ ಹತ್ತಿರಕ್ಕೂ ಬರಲಾರದು. ಇನ್ನೊಂದು ಲೆಕ್ಕ ಮಾಡಿದಾಗ ನನಗೇ ನಂಬಿಕೆ ಬರಲಿಲ್ಲ: ಹತ್ತು ಲಕ್ಷ ಕಡ್ಡಿಗಳ ದ್ರವವನ್ನೆಲ್ಲ ಒಟ್ಟುಗೂಡಿಸಿದರೆ 250 ಲೀಟರ್. ಡೈರಿಯ ನಲವತ್ತು ಲೀಟರಿನ ಆರು ಕ್ಯಾನು ತುಂಬಿ ಸ್ವಲ್ಪ ಮಿಕ್ಕೀತು.

ಈ ವಿದ್ಯೆ ಭಾರತಕ್ಕೆ ಬಂದ ಕತೆಯಲ್ಲಿ ಕನ್ನಡನಾಡಿಗೆ ಮೊದಲ ಸಾಲೇ ಇದೆ. ದೇಶದಲ್ಲಿ ಕೃತಕ ಗರ್ಭಧಾರಣೆಯನ್ನು ಮೊದಲು ಮಾಡಿ ತೋರಿಸಿದವರು ಸಂಪತ್ ಕುಮಾರನ್, 1939ರಲ್ಲಿ, ಮೈಸೂರು ಅರಮನೆಯ ಡೈರಿ ಫಾರಂನಲ್ಲಿ. ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೊಟ್ಟು 33 ಹಸುಗಳು ಗಬ್ಬವಾದವು. ಆಗ ಹೆಪ್ಪುಗಟ್ಟಿಸುವ ವಿದ್ಯೆ ಲೋಕದಲ್ಲೇ ಇರಲಿಲ್ಲ. ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಚಳಿಗೆ ಸಾಯುವುದಿಲ್ಲ ಎಂದು ಇಂಗ್ಲೆಂಡಿನಲ್ಲಿ ಕಂಡುಕೊಂಡದ್ದು ಹತ್ತು ವರ್ಷ ಕಳೆದು, 1949ರಲ್ಲಿ.

ಹಾಗಾದರೆ ವಿದ್ಯೆ ಇತ್ತು, ಅರಮನೆಯಲ್ಲಿ ಇತ್ತು, ಫಾರಂಗಳಲ್ಲಿ ಇತ್ತು. ಎರಡೇ ಹಸುವಿನ ಮನೆಗೆ, ಅರ್ಧ ಎಕರೆಯೂ ಇಲ್ಲದ ಹೆಂಗಸಿನ ಕೊಟ್ಟಿಗೆಗೆ ಅದು ಹೇಗೆ ಬಂತು? ಇಡೀ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಇದು. ಭಾಷಣದಿಂದ ಬರಲಿಲ್ಲ, ಕರಪತ್ರದಿಂದ ಬರಲಿಲ್ಲ. ಹಾಲನ್ನು ದಿನಕ್ಕೆರಡು ಸಲ ಊರಿನಲ್ಲೇ ಕೊಳ್ಳುವವರು ಬಂದರು, ಅವರ ಬೆನ್ನಿಗೇ ವಿದ್ಯೆ ಬಂತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಹುಟ್ಟಿತು, 1984ರಲ್ಲಿ ಅದೇ ಹಾಲು ಮಹಾಮಂಡಳಿಯಾಯಿತು. ಊರಿಗೊಂದು ಸಂಘ, ಸಂಘಕ್ಕೊಬ್ಬ ಸೆಕ್ರೆಟರಿ, ಜಿಲ್ಲೆಗೊಂದು ಒಕ್ಕೂಟ. ಹಾಲು ಊರಿನಿಂದ ಪೇಟೆಗೆ ಬರುವ ದಾರಿಯಲ್ಲೇ, ಮರಳಿ ಹೋಗುವ ಲಾರಿಯಲ್ಲೇ, ಮಿಕ್ಕಿದ್ದೆಲ್ಲ ಊರಿಗೆ ಹೋಯಿತು.

2024ರ ಜೂನ್ ಕೊನೆಯಲ್ಲಿ ಮಹಾಮಂಡಳಿ ಒಂದೇ ದಿನದಲ್ಲಿ ಸಂಗ್ರಹಿಸಿದ ಹಾಲು ಮೊದಲ ಬಾರಿಗೆ 1 ಕೋಟಿ ಲೀಟರ್ ಮುಟ್ಟಿತು. ಕೋಟಿ ಎಂದು ಬಾಯಲ್ಲಿ ಹೇಳುವುದು ಸುಲಭ. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 500 ಟ್ಯಾಂಕರು ಬೇಕು. ಒಂದೊಂದು ಹತ್ತು ಮೀಟರ್ ಎಂದರೂ, ಒಂದರ ಬಾಲಕ್ಕೊಂದು ಅಂಟಿಸಿ ನಿಲ್ಲಿಸಿದರೆ ಐದು ಕಿಲೋಮೀಟರ್: ಎಂಟನೇ ಮೈಲಿಯಿಂದ ಹೊರಟ ಸಾಲು ಜಾಲಹಳ್ಳಿ ಕ್ರಾಸ್, ಪೀಣ್ಯ ದಾಟಿ ಗೊರಗುಂಟೆಪಾಳ್ಯದ ಹತ್ತಿರಕ್ಕೆ ಬರುತ್ತದೆ. ಅದು ಒಂದು ದಿನದ್ದು. ಮಾರನೆಯ ದಿನ ಮತ್ತೊಂದು ಸಾಲು. ಕಡ್ಡಿಯ ಕಾಲು ಮಿಲಿಲೀಟರಿನ ಪಕ್ಕ ಈ ಕೋಟಿ ಲೀಟರನ್ನು ಇಟ್ಟರೆ ಒಂದಕ್ಕೆ ನಾಲ್ಕು ಸಾವಿರ ಕೋಟಿ.

ಈ ಹಾಲು ದೊಡ್ಡ ದೊಡ್ಡ ಫಾರಂಗಳಿಂದ ಬರುವುದಲ್ಲ ಎಂಬುದು ಇನ್ನೂ ದೊಡ್ಡ ಬೆರಗು. ರಾಜ್ಯದಲ್ಲಿ ಸುಮಾರು 15 ಸಾವಿರ ಹಾಲು ಉತ್ಪಾದಕರ ಸಂಘಗಳಿವೆ, 26 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಕೋಟಿ ಲೀಟರನ್ನು ಸಂಘಗಳಿಗೆ ಹಂಚಿದರೆ ಒಂದೊಂದಕ್ಕೆ ದಿನಕ್ಕೆ ಬರುವುದು 670 ಲೀಟರಿನಷ್ಟು, ಎಂದರೆ ಹದಿನೇಳು ಕ್ಯಾನು. ದಿನವೂ ಹಾಲು ಹಾಕುವವರು ಸದಸ್ಯರಲ್ಲಿ ಮೂರನೇ ಒಂದು ಭಾಗ ಎಂದು ಹಿಡಿದರೂ ಮನೆಗೆ ಹನ್ನೊಂದು ಹನ್ನೆರಡು ಲೀಟರ್ ಮಾತ್ರ. ಲೀಟರಿಗೆ 30 ರೂಪಾಯಿ ಎಂದರೆ ದಿನಕ್ಕೆ 30 ಕೋಟಿ ರೂಪಾಯಿ, ಲಕ್ಷಾಂತರ ಕೈಗಳಿಗೆ ಮುನ್ನೂರು ಮುನ್ನೂರೈವತ್ತರಂತೆ ಸೇರುವ ಹಣ. ರಾಗಿಯ ದುಡ್ಡು ವರ್ಷಕ್ಕೊಮ್ಮೆ ಕಂಡರೆ ಕಂಡೀತು. ಹಾಲಿನ ಬಟವಾಡೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ತಪ್ಪದೆ ಬರುತ್ತದೆ. ಸಾಲ ತೀರಿಸಲು, ಹೊಸದೊಂದನ್ನು ಮಾಡಿ ನೋಡುವ ಧೈರ್ಯ ಮಾಡಲು, ತಪ್ಪದೆ ಬರುವ ಆ ಹಣದಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ.

ಡೈರಿಯ ಮೇಜಿನ ಮೇಲೆ ಏನಾಯಿತು ನೋಡಿ. ಹಾಲನ್ನು ಬರೀ ಅಳತೆಯಿಂದ ಕೊಂಡರೆ ನೀರು ಬೆರೆಸಿದವರಿಗೇ ಲಾಭ. ಹಾಗಾಗಿ ಪ್ರತಿಯೊಬ್ಬರ ಹಾಲಿನ ಫ್ಯಾಟ್ ನೋಡಬೇಕು. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಇಲ್ಲಿಯ ಊರೂರಲ್ಲಿ ನಡೆಯಿತು: ಗಾಜಿನ ಬುರುಡೆಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್, ಆಮೇಲೆ ಐದು ನಿಮಿಷ ಗಿರಗಿರ ತಿರುಗಿಸಬೇಕು. ಎಸ್ಸೆಸ್ಸೆಲ್ಸಿ ಓದಿದ ಸೆಕ್ರೆಟರಿಗಳು ದಿನಕ್ಕೆರಡು ಹೊತ್ತು ಗಂಧಕಾಮ್ಲ ಹಿಡಿದು ಕೆಲಸ ಮಾಡಿದರು, ಕೈ ಸುಟ್ಟುಕೊಂಡರು, ಅಂಗಿಗೆ ತೂತು ಬೀಳಿಸಿಕೊಂಡರು. ಇಂದು ರಾಜ್ಯದಲ್ಲಿ ದಿನಕ್ಕೆ ಹತ್ತು ಲಕ್ಷ ಪರೀಕ್ಷೆ ಎಂದು ಕಡಿಮೆಯೇ ಹಿಡಿಯೋಣ. ಹಳೆಯ ವಿಧಾನವೇ ಇದ್ದಿದ್ದರೆ ದಿನಕ್ಕೆ 10 ಸಾವಿರ ಲೀಟರ್ ಆಮ್ಲ ಬೇಕಾಗುತ್ತಿತ್ತು! ಈಗ ಶ್ರವಣಾತೀತ ಶಬ್ದದ ಅಲೆ ಹಾಯಿಸಿ ಒಂದು ನಿಮಿಷದೊಳಗೆ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡನ್ನೂ ಹೇಳುವ ಯಂತ್ರ ಬಂದಿದೆ. ಪಕ್ಕದಲ್ಲೇ ತೂಕದ ಯಂತ್ರ, ಚೀಟಿ ಮುದ್ರಿಸುವ ಯಂತ್ರ. ಓದು ಬಾರದ ಅಜ್ಜಿಗೂ ದಶಮಾಂಶ ಗೊತ್ತು. ಮೂರೂವರೆ ಬರಬೇಕಾದದ್ದು ಮೂರು ಪಾಯಿಂಟ್ ನಾಲ್ಕು ಬಂದರೆ, ಯಾಕಪ್ಪ ಒಂದು ಪಾಯಿಂಟ್ ಕಡಿಮೆ, ಎಂದು ಅಲ್ಲೇ ನಿಂತು ಕೇಳುತ್ತಾಳೆ. ಕೇಳಲೇಬೇಕು. ರಾಜ್ಯದ ಯಂತ್ರಗಳೆಲ್ಲ ಆ ಒಂದು ಪಾಯಿಂಟನ್ನು ತಪ್ಪಾಗಿ ತೋರಿಸಿದರೆ ಕೋಟಿ ಲೀಟರಿನಲ್ಲಿ ದಿನಕ್ಕೆ ಹತ್ತು ಟನ್ ಬೆಣ್ಣೆಕೊಬ್ಬಿನ ವ್ಯತ್ಯಾಸವಾಗುತ್ತದೆ.

ಬೆಲೆ ಫ್ಯಾಟಿನ ಮೇಲೆ ನಿಂತ ದಿನದಿಂದ ಕೊಟ್ಟಿಗೆಯ ವಿದ್ಯೆಯೂ ಬದಲಾಯಿತು. ಒಣಹುಲ್ಲು ಹಾಕಿದರೆ ಏನು ಬರುತ್ತದೆ, ಸೀಮೆಹುಲ್ಲು ಕತ್ತರಿಸಿ ಹಾಕಿದರೆ ಏನು ಬರುತ್ತದೆ, ಖನಿಜ ಮಿಶ್ರಣ ಕೊಟ್ಟರೆ ಹೇಗೆ, ಎಲ್ಲಕ್ಕೂ ಉತ್ತರ ಆ ಚೀಟಿಯಲ್ಲಿ ಕೆಲವೇ ದಿನಗಳಲ್ಲಿ ಕಾಣುತ್ತದೆ. ಯಲಹಂಕದಾಚೆ ರಾಜಾನುಕುಂಟೆಯಲ್ಲಿ ಮಹಾಮಂಡಳಿಯ ಪಶು ಆಹಾರ ಕಾರ್ಖಾನೆ ಇದೆ. ಅಲ್ಲಿಂದ ಹೊರಟ ಮೂಟೆಯನ್ನು ಸಂಘದಲ್ಲಿ ಕೈಸಾಲಕ್ಕೆ ಎತ್ತಿಕೊಂಡು ಹೋಗಬಹುದು, ಹಣವನ್ನು ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಾಗುವ ಚಪ್ಪೆ ಬೇನೆ, ಗಳಲೆ ರೋಗದ ಲಸಿಕೆಗಳೂ ಊರು ಸೇರುತ್ತವೆ. ಹುಲ್ಲು ಕತ್ತರಿಸುವ ಯಂತ್ರ, ಕೊಟ್ಟಿಗೆಗೆ ರಬ್ಬರ್ ಹಾಸು, ಹಾಲು ಕರೆಯುವ ಯಂತ್ರ, ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ನಮ್ಮ ಉತ್ತರ ಬೆಂಗಳೂರಿನ ನಾಲ್ಕಾರು ಆವರಣಗಳಿಂದ ಹೊರಟ ವಸ್ತುಗಳು ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ ನಿಂತಿವೆ ಎಂದು ಗುರುತು ಹಾಕುತ್ತ ಹೋದರೆ ನಕ್ಷೆಯಲ್ಲಿ ಜಾಗ ಸಾಲದು.

ತಂಪಿನ ಲೆಕ್ಕವನ್ನೂ ಹೇಳಬೇಕು. ಆಗತಾನೆ ಕರೆದ ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಐದು ಗಂಟೆಯಲ್ಲಿ ಒಂದು ಕಣ 1,024 ಆಗುತ್ತದೆ. ಲಾರಿ ಬರುವುದು ತಡವಾದ ದಿನ ಹಾಲು ಒಡೆದು ಊರಿಗೆ ಊರೇ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ ಕಾಲವಿತ್ತು. ಈಗ ಹಳ್ಳಿಗಳಲ್ಲೇ ದೊಡ್ಡ ಸ್ಟೀಲ್ ತೊಟ್ಟಿಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುತ್ತಾರೆ. ನಗರದಲ್ಲಿ ಎಷ್ಟೋ ಮನೆಗೆ ಫ್ರಿಡ್ಜ್ ಬರುವ ಮೊದಲೇ ಸಾವಿರಾರು ಲೀಟರಿನ ಫ್ರಿಡ್ಜ್ ಹಳ್ಳಿಗೆ ಬಂದಿತ್ತು.

ಕೊಳ್ಳುವವರ ಜೊತೆ ವಿದ್ಯೆ ಹೋಗುತ್ತದೆ ಎಂಬುದು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಬೆಲ್ಜಿಯಂನ ಅರ್ಥಶಾಸ್ತ್ರಜ್ಞ ಯೊ ಸ್ವಿನ್ನೆನ್ ಮತ್ತು ಸಂಗಡಿಗರು ಮಡಗಾಸ್ಕರಿನಲ್ಲಿ ಒಂದು ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಯುರೋಪಿನ ಸೂಪರ್‌ಮಾರ್ಕೆಟ್ಟುಗಳಿಗೆ ಹುರುಳಿಕಾಯಿ ಬೆಳೆದುಕೊಡುತ್ತಿದ್ದ ಸುಮಾರು 10 ಸಾವಿರ ಬಡ ರೈತರು ಅಲ್ಲಿದ್ದರು. ಕಂಪನಿಯವರು ಅವರಿಗೆ ಗೊಬ್ಬರ ಕೊಟ್ಟರು, ಕಾಂಪೋಸ್ಟ್ ಮಾಡುವುದನ್ನು ಕಲಿಸಿದರು, ವಾರ ವಾರ ಬಂದು ನೋಡಿದರು. ಹುರುಳಿಕಾಯಿ ಕಟಾವಾದ ಮೇಲೆ ಅದೇ ತಾಕಿನಲ್ಲಿ ಭತ್ತ ಹಾಕಿದಾಗ ಇಳುವರಿ ಶೇಕಡಾ 64ರಷ್ಟು ಹೆಚ್ಚು ಬಂತು. ಭತ್ತವನ್ನು ಕೊಳ್ಳಲು ಯಾವ ಕಂಪನಿಯೂ ಬಂದಿರಲಿಲ್ಲ. ಹುರುಳಿಕಾಯಿಗೆಂದು ಬಂದ ವಿದ್ಯೆ ತಾನಾಗಿ ಅನ್ನದ ಗದ್ದೆಗೆ ದಾಟಿತ್ತು.

ಕರ್ನಾಟಕದ ಮಿಡಿಸೌತೆಯೂ ಇಂಥದೇ. 1990ರ ದಶಕದ ಆರಂಭದಲ್ಲಿ ಇಲ್ಲೇ ಸಣ್ಣದಾಗಿ ಶುರುವಾಗಿ ಈಗ ದೇಶದಲ್ಲಿ ಸುಮಾರು 90 ಸಾವಿರ ಸಣ್ಣ ರೈತರು 65 ಸಾವಿರ ಎಕರೆಯಲ್ಲಿ ಒಪ್ಪಂದದ ಮೇಲೆ ಬೆಳೆಯುತ್ತಾರೆ. 2020-21ರಲ್ಲಿ ರಫ್ತಾದದ್ದು ಎರಡು ಲಕ್ಷ ಟನ್ನಿಗೂ ಮೇಲೆ. ಬೆಳೆದವರ ಮನೆಯ ಸಾರಿಗೆ ಒಂದು ಕಾಯಿಯೂ ಬೀಳದ ಬೆಳೆ ಅದು. ಆದರೂ ತೊಂಬತ್ತು ದಿನದಲ್ಲಿ ದುಡ್ಡು ಕಾಣುವ ಆಸೆಗೆ ಹನಿ ನೀರಾವರಿಯ ಪೈಪು ಎಷ್ಟೋ ಹೊಲಗಳಿಗೆ ಬಂತು, ಮಿಡಿಸೌತೆ ಬಿಟ್ಟ ಮೇಲೂ ಪೈಪು ಉಳಿಯಿತು.

ಕೊಳ್ಳುವವರಿಂದ ಕೊಟ್ಟಿಗೆಗೆ ಹೋಗುವ ಈ ಸರಪಳಿಯ ಕೊನೆಯಲ್ಲಿರುವವರು ಮಾತ್ರ ಯಾವಾಗಲೂ ಗೆಲ್ಲುವುದಿಲ್ಲ. ಹಿಂಡಿ ಬೂಸಾದ ಬೆಲೆ ಏರಿ ಹಾಲಿನ ಬೆಲೆ ನಿಂತಲ್ಲೇ ನಿಂತರೆ ಮೊದಲು ಸೊರಗುವುದು ಎರಡು ಹಸುವಿನ ಮನೆ. ಇದನ್ನು ಮನಗಂಡೇ ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು. ಮುಂದೆ ಅದು 5 ರೂಪಾಯಿಗೆ ಏರಿತು, ಕೋಟಿ ಲೀಟರಿಗೆ ದಿನಕ್ಕೆ 5 ಕೋಟಿ. ಅದು ಕೈಸೇರುವುದು ಒಂದೆರಡು ತಿಂಗಳು ತಡವಾದರೂ ಪೇಟೆಯಲ್ಲಿ ಕೂತವರಿಗೆ ತಿಳಿಯದ ಕಷ್ಟ ಹಳ್ಳಿಯಲ್ಲಿ ನಡೆದುಹೋಗುತ್ತದೆ. ಸೀಮೆ ಹಸು ಹೆಚ್ಚು ಕೊಡುತ್ತದೆ, ಹೆಚ್ಚು ಕೇಳುತ್ತದೆ: ನೆರಳು, ನೀರು, ಔಷಧ. ಕೆಚ್ಚಲು ಬಾವು ಬಂದರೆ ಒಂದು ವಾರದ ಬಟವಾಡೆ ಔಷಧದಂಗಡಿಗೆ ಹೋಗುತ್ತದೆ. ಹಳ್ಳಿಕಾರ್, ಅಮೃತಮಹಲ್‌ನಂಥ ತಳಿಗಳು ಬಿಸಿಲು ಬರಗಾಲ ತಡೆಯುತ್ತವೆ, ಆದರೆ ಡೈರಿಯ ಚೀಟಿಯಲ್ಲಿ ಆ ಗುಣಕ್ಕೆ ಒಂದು ಕಾಲಂ ಇಲ್ಲ. ಕೊಳ್ಳುವವರು ಯಾವುದನ್ನು ಅಳೆಯುತ್ತಾರೋ ಅದು ಬೆಳೆಯುತ್ತದೆ, ಅಳೆಯದ್ದು ಕ್ಷೀಣಿಸುತ್ತದೆ. ನಾನು ಈ ವ್ಯವಸ್ಥೆಯನ್ನು ಎಷ್ಟು ಮೆಚ್ಚಿದರೂ ಈ ನಷ್ಟವನ್ನು ಚಿಕ್ಕದೆನ್ನಲಾರೆ.

ಗಂಡು ಕರುವಿನದು ಇನ್ನೊಂದು ನೋವು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆ ಗಂಡುಕರುವಿಗೆ ಕೆಲಸವಿಲ್ಲ, ಮೇವು ಮಾತ್ರ ಬೇಕು.

ಇದಕ್ಕೂ ಉತ್ತರ ಕಡ್ಡಿಯೊಳಗೇ ಹುಡುಕುತ್ತಿದ್ದಾರೆ. ಹಸುವಿಗೆ 60 ವರ್ಣತಂತುಗಳು. ಹೆಣ್ಣು ಕರು ಕೊಡುವ ವೀರ್ಯಾಣುವಿನಲ್ಲಿ ಎಕ್ಸ್, ಗಂಡು ಕರು ಕೊಡುವುದರಲ್ಲಿ ವೈ. ಎಕ್ಸ್ ಹೊತ್ತದ್ದರಲ್ಲಿ ಡಿಎನ್‌ಎ ಶೇಕಡಾ 3.8ರಷ್ಟು ಹೆಚ್ಚು. ಎರಡು ಕೋಟಿ ಕಣಗಳಲ್ಲಿ ಒಂದೊಂದಕ್ಕೂ ಬಣ್ಣ ಹಿಡಿಸಿ, ಒಂದೇ ಸಾಲಿನಲ್ಲಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಆ ಶೇಕಡಾ 3.8ರ ಹೊಳಪಿನ ವ್ಯತ್ಯಾಸ ನೋಡಿ, ಸೆಕೆಂಡಿಗೆ ಸಾವಿರಾರರಂತೆ ಬೇರ್ಪಡಿಸುತ್ತಾರೆ! ಅಮೆರಿಕದ ಬೆಲ್ಟ್ಸ್‌ವಿಲ್ಲಿನಲ್ಲಿ 1980ರ ದಶಕದ ಕೊನೆಗೆ ಸಿದ್ಧಿಸಿದ ಈ ವಿದ್ಯೆಯ ದೇಶೀ ರೂಪ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ‘ಗೌ ಸಾರ್ಟ್’, 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಇಂಥ ಕಡ್ಡಿಯಿಂದ ಹುಟ್ಟುವ ಹತ್ತು ಕರುಗಳಲ್ಲಿ ಒಂಬತ್ತು ಹೆಣ್ಣು. ಐದು ಸಲ ಕರು ಹಾಕಿದ ಹಸುವಿಗೆ ಎರಡೋ ಮೂರೋ ಕಡಸಿನ ಬದಲು ನಾಲ್ಕೋ ಐದೋ.

ಆದರೆ ಇದು ಮಾಮೂಲಿ ಕಡ್ಡಿಗಿಂತ ದುಬಾರಿ. ಒಳಗಿರುವುದೂ 2 ಕೋಟಿಯಲ್ಲ, ಸುಮಾರು 20 ಲಕ್ಷ ಕಣಗಳು. ಆದ್ದರಿಂದ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಹಾಕಿಸಬೇಕು, ಆ ಹೊತ್ತನ್ನು ಹಿಡಿಯುವುದು ಯಂತ್ರವಲ್ಲ, ಕೊಟ್ಟಿಗೆಯಲ್ಲಿರುವ ಹೆಂಗಸಿನ ಕಣ್ಣು. ಹಸು ಕೂಗಿದ್ದು, ಮೇವು ಬಿಟ್ಟದ್ದು, ಲೋಳೆ ಸುರಿದದ್ದು ಅವಳಿಗೆ ಮೊದಲು ತಿಳಿಯುತ್ತದೆ. ಗಬ್ಬ ನಿಂತರೆ 280 ದಿನಕ್ಕೆ ಕರು, ಆ ಕರು ಬೆಳೆದು ಬೆದೆಗೆ ಬರಲು ಇನ್ನೊಂದೂವರೆ ವರ್ಷ, ಅದು ಕರು ಹಾಕಲು ಮತ್ತೆ 280 ದಿನ. ಇಂದು ಹಾಕಿಸಿದ ಕಡ್ಡಿಯ ಹಾಲು ಡೈರಿಯ ತಕ್ಕಡಿ ಮುಟ್ಟಲು ಮೂರು ವರ್ಷ. ಅಷ್ಟು ದೂರದ ಹಾಲಿಗೆ ಇವತ್ತು ದುಡ್ಡು ಹಾಕಬೇಕೋ ಬೇಡವೋ ಎಂದು ಅವಳು ಲೆಕ್ಕ ಹಾಕುವುದು ಈ ವಾರ ಕೈಗೆ ಬಂದ ಬಟವಾಡೆಯನ್ನು ನೋಡಿಕೊಂಡು.